ಹೋದ ದಿನಗಳು ಉದ್ರಿ ಖಾತೆಯಲ್ಲ

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದು ಎರಡು ವಾರ ಕಳೆದಿತ್ತು. ವಿಜಯಪುರದಲ್ಲಿ ನಾನು ಸಂಜೆ ಹೊತ್ತು ಹೋಗಿ ಕೂರುವ ಓದುವ ಕೋಣೆಗೆ ಇಂಡಿ ಕಡೆಯ ಹುಡುಗಿಯೊಬ್ಬಳು ಬಂದಳು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವಳು. ಹಬ್ಬಕ್ಕೆಂದು ನಾಲ್ಕು ದಿನದ ಮಟ್ಟಿಗೆ ಊರಿಗೆ ಹೋಗಿದ್ದಳು. ಹೊಲದಲ್ಲಿ ಸುಟ್ಟ ಎಳೆ ಜೋಳದ ಸೀತನಿ, ಬೆನ್ನಿಗೆ ಅಕ್ಕನ ಕುಬಸ ಎಂದರೆ ಸೀಮಂತ, ಅದರ ಬೆನ್ನಿಗೆ ಜ್ವರ. ಜ್ವರ ಬಿಟ್ಟ ಮೇಲೂ ಐದಾರು ದಿನ ಕಾರಣವಿಲ್ಲದೆ ಹಾಗೆಯೇ ಹೋಗಿದ್ದವು. ಜನವರಿ 12ರಿಂದ 28ರವರೆಗೆ, ಒಟ್ಟು ಹದಿನೇಳು ದಿನ, ಪುಸ್ತಕ ಮುಟ್ಟಿರಲಿಲ್ಲ.

ಕೈಯಲ್ಲಿ ಹೊಸ ವೇಳಾಪಟ್ಟಿ ಇತ್ತು. ಕೆಂಪು ಮತ್ತು ನೀಲಿ ಶಾಯಿಯಲ್ಲಿ, ಸ್ಕೇಲ್ ಇಟ್ಟು ಎಳೆದ ಗೆರೆಗಳು. ಬೆಳಗಿನ 4ಕ್ಕೆ ಶುರು, ರಾತ್ರಿ 11ಕ್ಕೆ ಮುಕ್ತಾಯ, ನಡುವೆ 14 ಗಂಟೆ ಓದು. ಅವಳ ಲೆಕ್ಕ ಹೀಗಿತ್ತು: ಮೊದಲು ದಿನಕ್ಕೆ 6 ಗಂಟೆ ಓದುತ್ತಿದ್ದಳು, ಹದಿನೇಳು ದಿನಕ್ಕೆ 102 ಗಂಟೆ ಹೋಯಿತು, ಇನ್ನು ಮೇಲೆ ದಿನಕ್ಕೆ 8 ಗಂಟೆ ಹೆಚ್ಚಿಗೆ ಓದಿದರೆ ಹದಿಮೂರು ದಿನಗಳಲ್ಲಿ ಎಲ್ಲ ತುಂಬಿ ಬರುತ್ತದೆ. "ಸೋಮವಾರದಿಂದ ಹಿಡಿಯುತ್ತೇನೆ ಸರ್" ಎಂದಳು.

ಕೂಡಿಸಿ ಕಳೆದದ್ದರಲ್ಲಿ ತಪ್ಪಿಲ್ಲ. ತಪ್ಪಿರುವುದು ಖಾತೆ ತೆರೆದದ್ದರಲ್ಲಿ. ಕಿರಾಣಿ ಅಂಗಡಿಯ ಉದ್ರಿಯಂತೆ ನಾವು ಹೋದ ದಿನಗಳನ್ನು ಬರೆದಿಟ್ಟುಕೊಳ್ಳುತ್ತೇವೆ. ಬಾಕಿ ಬೆಳೆಯುತ್ತಾ ಹೋಗುತ್ತದೆ. ಬಾಕಿ ದೊಡ್ಡದಾದಷ್ಟೂ ಆ ಅಂಗಡಿಯ ಮುಂದೆ ಹಾಯುವುದಕ್ಕೆ ಮುಖವಿಲ್ಲದಂತಾಗಿ, ಸುತ್ತು ಬಳಸಿ ಬೇರೆ ಓಣಿಯಿಂದ ಹೋಗುತ್ತೇವೆ. ಓದು, ವ್ಯಾಯಾಮ, ಹೊಲಿಗೆ ಕಲಿಯುವುದು, ಸಂಗೀತದ ಅಭ್ಯಾಸ, ಹೊಸ ವ್ಯಾಪಾರದ ತಯಾರಿ, ಎಲ್ಲದರಲ್ಲೂ ಹೀಗೆಯೇ ಆಗುವುದನ್ನು ನಾನು ಕಂಡಿದ್ದೇನೆ. ಕೆಲಸ ನಿಂತ ದಿನಗಳಿಂದ ಆಗುವ ಹಾನಿ ಸಣ್ಣದು. ಆ ದಿನಗಳನ್ನು ಸಾಲವೆಂದು ಬರೆದುಕೊಳ್ಳುವುದರಿಂದ ಆಗುವ ಹಾನಿಯೇ ದೊಡ್ಡದು. ಹೀಗೆ ಹೇಳುವುದು ಸಮಾಧಾನದ ಮಾತಿಗಾಗಿ ಅಲ್ಲ, ಇದಕ್ಕೆ ಅಳತೆಯ ಆಧಾರಗಳಿವೆ.

ನಿಜವಾಗಿ ಎಷ್ಟು ಹೋಯಿತು?

ಮೊದಲು ಆ ಹುಡುಗಿಯ ದೊಡ್ಡ ಭಯವನ್ನೇ ನೋಡೋಣ: "ಓದಿದ್ದೆಲ್ಲ ಮರೆತು ಹೋಗಿದೆ." 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಮರೆವನ್ನು ಅಳೆಯಲು ತಮ್ಮ ಮೇಲೆಯೇ ನಡೆಸಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದರು. ಅರ್ಥವೇ ಇಲ್ಲದ ಅಕ್ಷರಗುಚ್ಛಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು, ಕೆಲವು ಕಾಲ ಬಿಡುವುದು, ಅದೇ ಪಟ್ಟಿಯನ್ನು ಮತ್ತೆ ಕಲಿಯುವುದು, ಎರಡನೆಯ ಸಲ ಎಷ್ಟು ಸಮಯ ಉಳಿತಾಯವಾಯಿತು ಎಂದು ಲೆಕ್ಕ ಹಾಕುವುದು. ಒಂದು ದಿನ ಬಿಟ್ಟು ಕಲಿತಾಗ ಉಳಿತಾಯ ಸುಮಾರು ಶೇಕಡಾ 34. ಆರು ದಿನ ಬಿಟ್ಟಾಗ ಶೇಕಡಾ 25. 31 ದಿನ ಬಿಟ್ಟಾಗ ಶೇಕಡಾ 21.

ಈ ಮೂರು ಅಂಕಿಗಳ ಮೇಲೆ ಸ್ವಲ್ಪ ಹೊತ್ತು ಕಣ್ಣಿಟ್ಟರೆ ವಿಷಯ ತಿಳಿಯುತ್ತದೆ. ಮರೆವಿನ ದೊಡ್ಡ ಹೊಡೆತ ಬೀಳುವುದು ಮೊದಲ ದಿನವೇ. ಆಮೇಲೆ ಇಳಿಜಾರು ಕಡಿಮೆಯಾಗುತ್ತಾ ಹೋಗಿ ಹೆಚ್ಚುಕಡಿಮೆ ಸಮತಟ್ಟಾಗುತ್ತದೆ. ಆರು ದಿನಕ್ಕೂ ಒಂದು ತಿಂಗಳಿಗೂ ಇರುವ ಅಂತರ ಶೇಕಡಾ 4 ಮಾತ್ರ. ಅದೂ ಅರ್ಥವಿಲ್ಲದ ಅಕ್ಷರಗಳ ಮಟ್ಟಿಗೆ. ಆದಿಲ್‌ಶಾಹಿಯ ಇತಿಹಾಸವೋ ಸಂವಿಧಾನದ ವಿಧಿಯೋ ಅರ್ಥವಿರುವ ಸಂಗತಿಗಳು, ಒಂದಕ್ಕೊಂದು ಹೆಣೆದುಕೊಂಡವು. ಅವು ಇದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತವೆ. "ನೆನಪಾಗುತ್ತಿಲ್ಲ" ಎಂಬುದೂ "ಅಳಿಸಿಹೋಗಿದೆ" ಎಂಬುದೂ ಒಂದೇ ಅಲ್ಲ. ನೆನಪಾಗದ ಪಾಠವೂ ಎರಡನೆಯ ಸಲ ಬೇಗ ಕೈಗೆ ಬರುತ್ತದೆ. ಆದ್ದರಿಂದ 102 ಗಂಟೆ ಎಂಬ ಬಾಕಿಯನ್ನು ತೀರಿಸಬೇಕಾದ ಅಗತ್ಯವೇ ಇಲ್ಲ.

ಮರಳಿ ಬಂದ ಮೊದಲ ದಿನ ಹಳೆಯ ಟಿಪ್ಪಣಿಗಳನ್ನು ಮೊದಲ ಪುಟದಿಂದ ತಿರುವಿ ಹಾಕುವ ಬದಲು, ಒಂದು ಹಾಳೆ ತೆಗೆದುಕೊಂಡು, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯುವುದು ಒಳ್ಳೆಯದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಇದನ್ನೇ: ಪಾಠವನ್ನು ಮತ್ತೆ ಓದಿದವರಿಗಿಂತ, ನೋಡದೆ ನೆನಪಿಸಿಕೊಂಡು ಬರೆದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು. ಆ ಹಾಳೆಯಲ್ಲಿ ಬರೆದದ್ದು ಕಡಿಮೆಯೆಂದು ಅಳುಕಬೇಡಿ. ಬರೆಯಲಾಗದೆ ತಡವರಿಸಿದ ಜಾಗಗಳಷ್ಟೇ ಓದಬೇಕಾದ ಜಾಗಗಳು, ಉಳಿದದ್ದು ನಿಮ್ಮಲ್ಲಿಯೇ ಇದೆ.

ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಿ ನಡೆಸುವ ಹುಡುಗರಿಗೆ ಮಾತ್ರ ಒಂದು ಎಚ್ಚರಿಕೆ. ಎರಡು ವಾರ ಬಿಟ್ಟ ದೇಹವನ್ನು ಮೊದಲ ದಿನವೇ ಹಳೆಯ ವೇಗಕ್ಕೆ ಎಳೆದರೆ ಮೀನಖಂಡವೋ ಮೊಣಕಾಲೋ ಪೆಟ್ಟು ತಿನ್ನುತ್ತದೆ. ನೆನಪಿನ ಮರಳುವಿಕೆಗಿಂತ ಸ್ನಾಯುವಿನ ಮರಳುವಿಕೆಗೆ ತಾಳ್ಮೆ ಹೆಚ್ಚು ಬೇಕು.

ಒಂದು ತುತ್ತಿನಿಂದ ಮುರಿದ ಉಪವಾಸ

ಏಕಾದಶಿಯ ದಿನ ಮರೆತು ಒಂದು ಚೂರು ರೊಟ್ಟಿ ಬಾಯಿಗೆ ಹಾಕಿಕೊಂಡವರು ಏನು ಮಾಡುತ್ತಾರೆ? "ಉಪವಾಸ ಹೇಗೂ ಮುರಿಯಿತು" ಎಂದು ಹೊಟ್ಟೆ ತುಂಬ ಉಂಡುಬಿಡುತ್ತಾರೆ. ಚೂರು ರೊಟ್ಟಿಯಲ್ಲಿ ಆ ಬಲವಿಲ್ಲ. "ಹೇಗೂ ಮುರಿಯಿತು" ಎಂಬ ತೀರ್ಪಿನಲ್ಲಿದೆ. 1975ರಲ್ಲಿ ಪೀಟರ್ ಹರ್ಮನ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಇದನ್ನು ಪ್ರಯೋಗವಾಗಿಯೇ ಮಾಡಿದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಂ ರುಚಿ ನೋಡಲು ಕೊಟ್ಟರು. ಸಾಮಾನ್ಯ ಜನ ಹೊಟ್ಟೆ ತುಂಬಿದ್ದರಿಂದ ಕಡಿಮೆ ತಿಂದರು. ಊಟದಲ್ಲಿ ಪಥ್ಯ ಹಿಡಿದಿದ್ದವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಹೆಚ್ಚು ತಿಂದರು. ಕಟ್ಟು ಒಮ್ಮೆ ಮುರಿದ ಮೇಲೆ ಇನ್ನೇನು ಉಳಿಯಿತು ಎಂಬ ಭಾವನೆ ಅವರನ್ನು ಆಳಿತು.

ಇಂಡಿಯ ಹುಡುಗಿಯ ಹದಿನೇಳು ದಿನಗಳನ್ನು ಇದೇ ಬೆಳಕಿನಲ್ಲಿ ನೋಡಿ. ಹಬ್ಬ, ಕುಬಸ, ಜ್ವರ ಸೇರಿ ಹನ್ನೊಂದು ಹನ್ನೆರಡು ದಿನ. ಅವು ಬದುಕಿನ ದಿನಗಳು. ಅಕ್ಕನ ಕುಬಸಕ್ಕೆ ಹೋಗದೆ ಓದಿ ಗಳಿಸುವ ಕೆಲಸ ಯಾವುದೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದ ಐದಾರು ದಿನಗಳು ಹೋದದ್ದು "ಹೇಗೂ ಮುರಿಯಿತು" ಎಂಬುದಕ್ಕೆ. ಆ ದಿನಗಳಲ್ಲಿ ಅವಳು ಆರಾಮಾಗಿಯೂ ಇರಲಿಲ್ಲ. ಪುಸ್ತಕದ ಚೀಲ ಕಣ್ಣಿಗೆ ಬಿದ್ದಾಗಲೆಲ್ಲ ಎದೆಯಲ್ಲಿ ಚುರುಕ್ ಎನ್ನುತ್ತಿತ್ತು, ಆ ಚುರುಕು ಆರಲೆಂದು ಮೊಬೈಲ್ ಹಿಡಿಯುತ್ತಿದ್ದಳು. ಮೊಬೈಲ್ ಇಟ್ಟಾಗ ಇನ್ನೊಂದು ಗಂಟೆ ಹೋಗಿರುತ್ತಿತ್ತು, ಚುರುಕು ಇನ್ನಷ್ಟು ಹೆಚ್ಚುತ್ತಿತ್ತು. ಸೋಮಾರಿತನ ಎಂದು ನಾವು ಬೈಯುವುದರಲ್ಲಿ ಬಹುಪಾಲು ಈ ಸುತ್ತು. ಕೆಲಸವನ್ನು ಮುಂದೂಡುವವನು ಓಡಿಹೋಗುತ್ತಿರುವುದು ಕೆಲಸದಿಂದಲ್ಲ, ಕೆಲಸವನ್ನು ನೆನೆದಾಗ ಏಳುವ ನೋವಿನಿಂದ.

ಹಾಗಿದ್ದರೆ ನಮ್ಮನ್ನು ನಾವೇ ಹಳಿದುಕೊಳ್ಳುವುದರಿಂದ ಆಗುವುದೇನು? ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ವೋಲ್, ತಿಮೊಥಿ ಪಿಚಿಲ್ ಮತ್ತು ಶಾನನ್ ಬೆನೆಟ್ ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ಗಮನಿಸಿ 2010ರಲ್ಲಿ ವರದಿ ಮಾಡಿದರು. ಮೊದಲ ಪರೀಕ್ಷೆಗೆ ಓದದೆ ದಿನ ತಳ್ಳಿದವರಲ್ಲಿ, ಅದಕ್ಕಾಗಿ ತಮ್ಮನ್ನು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಡಿಮೆ ದಿನ ತಳ್ಳಿದರು. ನಮ್ಮ ಮನೆಗಳಲ್ಲಿ ನಂಬಿರುವುದು ಇದಕ್ಕೆ ತಿರುಗುಮುರುಗು: ಚೆನ್ನಾಗಿ ಬೈದರೆ ಬುದ್ಧಿ ಬರುತ್ತದೆ ಎಂದು. ಬೈಗುಳ ಬಾಕಿಯ ಮೇಲೆ ಬಡ್ಡಿ ಏರಿಸುತ್ತದೆ, ಅಷ್ಟೇ.

ಕ್ಷಮಿಸಿಕೊಳ್ಳುವುದೆಂದರೆ ನೆಪ ಹುಡುಕುವುದಲ್ಲ. ನಡೆದದ್ದನ್ನು ಒಂದೇ ಸಾಲಿನಲ್ಲಿ, ವಿಶೇಷಣಗಳಿಲ್ಲದೆ ಬರೆದುಬಿಡುವುದು. "ಜನವರಿ 12ರಿಂದ 28ರವರೆಗೆ ಓದಲಿಲ್ಲ." "ನಾನು ಯಾವ ಕೆಲಸಕ್ಕೂ ಬಾರದವಳು" ಎಂಬುದು ಆ ಸಾಲಿನಲ್ಲಿ ಇರಬಾರದು, "ಜ್ವರ ಬಂತು, ಏನು ಮಾಡಲಿ" ಎಂಬುದೂ ಇರಬಾರದು. ಆ ಸಾಲಿನ ಕೆಳಗೆ ಗೆರೆ ಎಳೆದು ಮರುದಿನದ ತಾರೀಖು ಹಾಕಬೇಕು. ನಾನು ಓದುವ ಮಕ್ಕಳಿಗೆ ಇದನ್ನು ಬರೆಯಲು ಹೇಳಿದಾಗ ಕೆಲವರ ಪೆನ್ನು ಅಲ್ಲಿಯೇ ನಿಂತುಬಿಡುತ್ತದೆ, ಒಂದು ಸಾಲಿಗೆ ಐದು ನಿಮಿಷ ಹಿಡಿಯುತ್ತದೆ. ಆ ಐದು ನಿಮಿಷ ಕೊಡಲೇಬೇಕು.

ಗೂಟ ಕಿತ್ತು ಹೋಗಿರುತ್ತದೆ

ಸಂಜೆ ಮೇಯ್ದು ಬಂದ ಎಮ್ಮೆ ಯಾರೂ ಹಿಡಿಯದಿದ್ದರೂ ತನ್ನ ಗೂಟದ ಹತ್ತಿರವೇ ಬಂದು ನಿಲ್ಲುತ್ತದೆ. ನಮ್ಮ ದಿನಚರಿಯೂ ಹಾಗೆ ಕೆಲವು ಗೂಟಗಳನ್ನು ನಂಬಿರುತ್ತದೆ: ಬೆಳಗಿನ ಒಂದು ಬಸ್, ಓದುವ ಕೋಣೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿ, ಹತ್ತು ಗಂಟೆಗೆ ಜೊತೆಯಲ್ಲಿ ಚಹಾ ಕುಡಿಯುವ ಗೆಳತಿ. ಊರಿಗೆ ಹೋದಾಗ ಕಡಿದುಹೋಗುವುದು ಛಲವಲ್ಲ, ಈ ಗೂಟಗಳು. ಮರಳಿ ಬಂದವರು ಗೂಟ ಹುಗಿಯದೆ ಹೊರೆ ಹೊರಲು ನೋಡುತ್ತಾರೆ.

ಲಂಡನ್ನಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಹಿಂಬಾಲಿಸಿ, ಹೊಸ ಅಭ್ಯಾಸ ತನ್ನಿಂದ ತಾನೇ ನಡೆಯುವಷ್ಟು ಗಟ್ಟಿಯಾಗಲು ಎಷ್ಟು ದಿನ ಬೇಕೆಂದು ಅಂದಾಜು ಮಾಡಿದರು. 2010ರಲ್ಲಿ ಪ್ರಕಟವಾದ ಆ ಅಂದಾಜು 18 ದಿನಗಳಿಂದ 254 ದಿನಗಳವರೆಗೆ ಹರಡಿದೆ, ನಡುವಿನ ಸಂಖ್ಯೆ 66. "21 ದಿನ ಮಾಡಿದರೆ ಅಭ್ಯಾಸವಾಗುತ್ತದೆ" ಎಂಬ ಮಾತನ್ನು ನಂಬಿ 22ನೆಯ ದಿನ ಸೋತೆನೆಂದು ಕುಳಿತವರಿಗೆ ಇದು ತಿಳಿದಿರಬೇಕು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ.

ಗೂಟ ಹುಗಿಯುವ ಬಗೆ ಜರ್ಮನಿಯ ಪೀಟರ್ ಗಾಲ್ವಿಟ್ಜರ್ ಅವರ ಕೆಲಸದಲ್ಲಿ ಸ್ಪಷ್ಟವಾಗಿದೆ. ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರಿ ಎಂಬ ವರದಿಯನ್ನು ಎರಡು ದಿನಗಳೊಳಗೆ ಬರೆದು ಕಳಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಅರ್ಧ ಜನರಿಗೆ ಅಷ್ಟೇ. ಉಳಿದವರು ಯಾವ ಹೊತ್ತಿನಲ್ಲಿ, ಎಲ್ಲಿ ಕುಳಿತು ಬರೆಯುತ್ತೇನೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡರು. ಬರಿಯ ಸಂಕಲ್ಪವಿದ್ದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಬರೆದರು. ಹೊತ್ತು ಜಾಗ ಗೊತ್ತುಮಾಡಿಕೊಂಡವರಲ್ಲಿ ಮುಕ್ಕಾಲು ಪಾಲಿನಷ್ಟು ಜನ ಬರೆದರು. ಹಬ್ಬದ ರಜೆಯ ನಡುವೆ ನಡೆದ ಪ್ರಯೋಗ ಇದು ಎಂಬುದರಿಂದ ನನಗೆ ಇನ್ನೂ ಇಷ್ಟ.

"ನಾಳೆಯಿಂದ ಚೆನ್ನಾಗಿ ಓದುತ್ತೇನೆ" ಎಂಬುದಕ್ಕೆ ಗೂಟವಿಲ್ಲ. "ಬೆಳಿಗ್ಗೆ ಚಹಾದ ಬಟ್ಟಲು ತೊಳೆದಿಟ್ಟ ಕೂಡಲೇ, ಅಡುಗೆಮನೆಯ ಪಕ್ಕದ ಮೇಜಿನಲ್ಲಿ, ಭೂಗೋಳದ ಕೃಷ್ಣಾ ಕಣಿವೆಯ ಭಾಗ ತೆರೆಯುತ್ತೇನೆ" ಎಂಬುದಕ್ಕೆ ಇದೆ. ಬಟ್ಟಲು ತೊಳೆಯುವುದು ಹೇಗೂ ನಡೆಯುವ ಕೆಲಸ. ಕಡ್ಡಾಯವಾಗಿ ನಡೆಯುವ ಒಂದು ಕೆಲಸದ ಬಾಲಕ್ಕೆ ಹೊಸದನ್ನು ಕಟ್ಟಿದರೆ, ಮನಸ್ಸು ಪ್ರತಿ ದಿನ ಹೊಸದಾಗಿ ತೀರ್ಮಾನ ಮಾಡಬೇಕಾಗುವುದಿಲ್ಲ. ಸೋತ ದಿನಗಳ ನಂತರ ನಮ್ಮಲ್ಲಿ ಅತ್ಯಂತ ಕಡಿಮೆ ಇರುವುದು ಈ ತೀರ್ಮಾನ ಮಾಡುವ ಬಲವೇ.

ನಿದ್ದೆಯ ಗೂಟದ ಬಗ್ಗೆ ಒಂದು ಮಾತು. ಬೇಗ ಮಲಗಬೇಕೆಂದು ಹಟ ಹಿಡಿದರೆ ನಿದ್ದೆ ಬರುವುದಿಲ್ಲ. ಏಳುವ ಹೊತ್ತನ್ನು ಮಾತ್ರ ಗಟ್ಟಿ ಮಾಡಿ, ಎದ್ದ ಕೂಡಲೇ ಅಂಗಳಕ್ಕೋ ಮಾಳಿಗೆಗೋ ಹೋಗಿ ಬೆಳಕಿಗೆ ಕಣ್ಣು ಕೊಟ್ಟರೆ ಮೈಯೊಳಗಿನ ಗಡಿಯಾರ ಕೆಲವು ದಿನಗಳಲ್ಲಿ ತಾನೇ ಸರಿದು, ರಾತ್ರಿ ನಿದ್ದೆ ಬೇಗ ಬರತೊಡಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವಾಗ ಮಧ್ಯಾಹ್ನದ ಮೇಲೆ ಕಠಿಣ ಕೆಲಸ ಇಡುವುದೇ ತಪ್ಪು. ಆ ಹೊತ್ತಿನಲ್ಲಿ ಓದಲಾಗಲಿಲ್ಲವೆಂದು ತಮ್ಮನ್ನು ಹಳಿದುಕೊಳ್ಳುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇಳಕಲ್ಲಿನ ಕೊಂಡಿ

ಮರಳುವುದು ಎಂದರೇನೆಂದು ನನಗೆ ಚೆನ್ನಾಗಿ ಅರ್ಥವಾದದ್ದು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ, ಕುಣಿಮಗ್ಗದ ಮುಂದೆ ಕುಳಿತಾಗ. ನೇಯುತ್ತಿರುವಾಗ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿನ, ಎಳೆ ಹರಿಯುವುದು ಸಾಮಾನ್ಯ. ಹರಿದಾಗ ನೇಕಾರರು ಸೀರೆಯನ್ನು ಮೊದಲಿನಿಂದ ಶುರು ಮಾಡುವುದಿಲ್ಲ, ಹೋದ ಹೊತ್ತನ್ನು ತುಂಬಿಕೊಳ್ಳಲು ಲಾಳಿಯನ್ನು ಎರಡರಷ್ಟು ವೇಗದಲ್ಲಿ ಓಡಿಸುವುದೂ ಇಲ್ಲ. ಕೈ ನಿಲ್ಲಿಸುತ್ತಾರೆ, ಹರಿದ ತುದಿ ಹುಡುಕುತ್ತಾರೆ, ಗಂಟು ಹಾಕುತ್ತಾರೆ, ನಿಲ್ಲಿಸಿದ ಸಾಲಿನಿಂದಲೇ ಮುಂದೆ ನೇಯುತ್ತಾರೆ. ಇಳಕಲ್ ಸೀರೆಯ ಹೆಚ್ಚುಗಾರಿಕೆಯೂ ಒಂದು ಜೋಡಣೆಯಲ್ಲಿಯೇ ಇದೆ: ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ತಾಳ್ಮೆ ಬೇಡುವ ಆ ಕೆಲಸದಿಂದಲೇ ಸೀರೆಗೆ ಸೆರಗು ಬರುವುದು.

ಹರಿದ ತುದಿ ಹುಡುಕುವುದು ಎಂದರೆ, "ನಾನು ಎಲ್ಲಿ ನಿಲ್ಲಿಸಿದ್ದೆ?" ಎಂಬ ಪ್ರಶ್ನೆಗೆ ಪುಟದ ಸಂಖ್ಯೆಯಷ್ಟು ನಿಖರವಾದ ಉತ್ತರ. ಮರಳಿದ ಮೊದಲ ದಿನದ ಕೆಲಸ ಅದು, ಅದರ ಜೊತೆಗೆ ಅರ್ಧ ಗಂಟೆಯ ಅಭ್ಯಾಸ. ಹೆಚ್ಚು ಮಾಡುವ ಉತ್ಸಾಹವಿದ್ದರೂ ಅಲ್ಲಿಗೆ ನಿಲ್ಲಿಸಬೇಕೆನ್ನುತ್ತೇನೆ. ನಿಲ್ಲಿಸುವುದನ್ನೂ ಒಂದು ಭಾಗ ಮುಗಿಸಿ ಅಲ್ಲ, ನಡುವೆ, ಮುಂದಿನ ಹೆಜ್ಜೆ ಗೊತ್ತಿರುವಲ್ಲಿ. ಕಾರಣವಿದೆ. ವಿಜಯಪುರ ನೋಡಲು ಬಂದವರು ಗೋಳಗುಮ್ಮಟದ ಮುಂದೆ ತಲೆಯೆತ್ತಿ ಬೆರಗಾಗುತ್ತಾರೆ. ಎರಡನೆಯ ಅಲಿ ಆದಿಲ್‌ಶಾಹನ ಅಪೂರ್ಣ ಸಮಾಧಿಯಾದ ಬಾರಾ ಕಮಾನಿನ ಮುಂದೆ ನಿಂತಾಗ ಮಾತ್ರ "ಇದು ಪೂರ್ತಿಯಾಗಿದ್ದರೆ ಹೇಗಿರುತ್ತಿತ್ತು?" ಎಂದು ಮನಸ್ಸು ತಾನೇ ಕಟ್ಟತೊಡಗುತ್ತದೆ. ಅರ್ಧಕ್ಕೆ ನಿಂತದ್ದಕ್ಕೆ ಆ ಸೆಳೆತವಿದೆ. 1928ರಲ್ಲಿ ಮರಿಯಾ ಓವ್ಸಿಯಾಂಕಿನಾ ಎಂಬ ಸಂಶೋಧಕಿ ಇದನ್ನು ಪ್ರಯೋಗದಲ್ಲಿ ಕಂಡರು: ಕೆಲಸದ ನಡುವೆ ತಡೆದವರಲ್ಲಿ ಹೆಚ್ಚಿನವರು, ಯಾರೂ ಹೇಳದಿದ್ದರೂ, ಬಿಡುವು ಸಿಕ್ಕ ಕೂಡಲೇ ಅದೇ ಕೆಲಸಕ್ಕೆ ಮರಳಿದರು. ಆದರೆ ಹತ್ತು ಕೆಲಸಗಳನ್ನು ಅರ್ಧಕ್ಕೆ ಬಿಟ್ಟರೆ ಸೆಳೆತವಲ್ಲ, ಎಳೆದಾಟ. ಒಂದನ್ನೇ ಬಿಡಬೇಕು, ಮುಂದಿನ ಹೆಜ್ಜೆಯನ್ನು ಚೀಟಿಯಲ್ಲಿ ಬರೆದು ಪುಟದ ನಡುವೆ ಇಡಬೇಕು.

ಇನ್ನು ಆ 14 ಗಂಟೆಯ ಪಟ್ಟಿ. ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅಂದಾಜು ಮಾಡುವುದರಲ್ಲಿ ಮನುಷ್ಯರು ಹೇಗೆ ಎಡವುತ್ತಾರೆ ಎಂಬುದನ್ನು ಕೆನಡಾದ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ಪ್ರಬಂಧ ಮುಗಿಸಲು ವಿದ್ಯಾರ್ಥಿಗಳು ಹೇಳಿದ ಸರಾಸರಿ ಅವಧಿ ಸುಮಾರು 34 ದಿನ, ಹಿಡಿದದ್ದು ಸುಮಾರು 55 ದಿನ. ಅದು ಸಾಮಾನ್ಯ ದಿನಗಳ ಅಂದಾಜು. ಪಶ್ಚಾತ್ತಾಪದಲ್ಲಿ ಬರೆದ ಪಟ್ಟಿ ಇದಕ್ಕಿಂತ ಹೆಚ್ಚು ಸುಳ್ಳಾಗಿರುತ್ತದೆ, ಏಕೆಂದರೆ ಅದನ್ನು ಬರೆಯುವುದು ದಿನ ನಡೆಸಲಿಕ್ಕಲ್ಲ, ಮನಸ್ಸಿನ ಉರಿ ಆರಿಸಿಕೊಳ್ಳಲಿಕ್ಕೆ. ಗೆರೆ ಎಳೆದು ಮುಗಿಸಿದಾಗಲೇ ಅರ್ಧ ಓದಿದಷ್ಟು ನೆಮ್ಮದಿ ಸಿಕ್ಕಿಬಿಡುತ್ತದೆ. ಎರಡನೆಯ ದಿನ ಪಟ್ಟಿ ಮುರಿದಾಗ ಖಾತೆಗೆ ಇನ್ನೊಂದು ಬಾಕಿ ಸೇರುತ್ತದೆ.

ಸೋಮವಾರದಿಂದ ಹಿಡಿಯುವ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ವಾರದ, ತಿಂಗಳ, ವರ್ಷದ ಮೊದಲ ದಿನಗಳಲ್ಲಿ ಜನ ಹೆಚ್ಚು ವ್ಯಾಯಾಮಶಾಲೆಗೆ ಹೋಗುತ್ತಾರೆ ಎಂದು ಹೆಂಗ್ಚೆನ್ ದಾಯ್, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ತೋರಿಸಿದ್ದಾರೆ. ಯುಗಾದಿಗೋ ಶ್ರಾವಣ ಸೋಮವಾರಕ್ಕೋ ನಾವು ನೇಮ ಹಿಡಿಯುವುದರ ಹಿಂದೆಯೂ ಇದೇ ಬಲವಿದೆ. ಅಂಥ ದಿನ ನಾಳೆಯೇ ಇದ್ದರೆ ಬಳಸಿಕೊಳ್ಳಿ. ನಾಲ್ಕು ದಿನ ದೂರವಿದ್ದರೆ ಆ ನಾಲ್ಕು ದಿನಗಳೂ "ಹೇಗೂ ಮುರಿಯಿತು" ಪಟ್ಟಿಗೆ ಸೇರುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಗಂಭೀರ ಮಾತು ಹೇಳಲೇಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಮುದುಡಿಯೇ ಇದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸಿದರೆ, ನಿದ್ದೆ ಹಸಿವು ಕೆಟ್ಟರೆ, ಬದುಕೇ ಬೇಡವೆಂಬ ಯೋಚನೆ ಸುಳಿದರೆ, ಅದು ಶಿಸ್ತಿನ ಪ್ರಶ್ನೆಯಲ್ಲ. ಅದು ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವಲ್ಲ. ಅಂಥ ಮಗುವಿನ ಮುಂದೆ ವೇಳಾಪಟ್ಟಿ ಹಿಡಿದು ನಿಲ್ಲಬೇಡಿ ಎಂದು ತಂದೆತಾಯಂದಿರಲ್ಲಿ ಕೈಮುಗಿದು ಕೇಳುತ್ತೇನೆ.

ಆ ಹುಡುಗಿ ನನ್ನ ಮಾತೆಲ್ಲ ಕೇಳಿ, "ಹಾಗಾದರೆ ಈ ಪಟ್ಟಿ ಹರಿದು ಹಾಕಲೇ ಸರ್?" ಎಂದಳು. "ಬೇಡ ತಂಗಿ, ಅದರ ಹಿಂದಿನ ಮಗ್ಗುಲು ಖಾಲಿ ಇದೆಯಲ್ಲ" ಎಂದೆ. ಅಲ್ಲಿ ತಾರೀಖಿನ ಆ ಒಂದು ಸಾಲು ಬರೆದಳು, ಕೆಳಗೆ ಗೆರೆ ಎಳೆದಳು. ಚೀಲದಿಂದ ಗಣಿತದ ಪುಸ್ತಕ ತೆಗೆದಾಗ ಜನವರಿ 11ರಂದು ಇಟ್ಟ ಬಸ್ ಚೀಟಿ ಇನ್ನೂ ಅದೇ ಪುಟದಲ್ಲಿತ್ತು, ಕಾಲ ಮತ್ತು ಕೆಲಸದ ಲೆಕ್ಕಗಳ ಅಧ್ಯಾಯ. ಎರಡು ಲೆಕ್ಕ ಮಾಡಿ, ಮೂರನೆಯದರಲ್ಲಿ ಸಮೀಕರಣ ಬರೆದು, ಬಿಡಿಸದೆ ಎದ್ದಳು. ಇಂಡಿಗೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು. ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತು, "ಅದರ ಉತ್ತರ 12 ದಿನ ಬರುತ್ತದೆ ಅನಿಸುತ್ತದೆ ಸರ್" ಎಂದಳು. ನಾನು ಹೇಳಲಿಲ್ಲ.